ಕಾಶಿಬಾಯಿಯ ಕೊಡ

ಪಾಲಿಕೆಯವರು ವಸ್ತಿಯ ಹೊಲಗಳನ್ನು ಕೊಳ್ಳಬೇಕೆಂದಿದ್ದಾರೆ ಎಂಬ ಸುದ್ದಿಯನ್ನು ಮನೆಗೆ ತಂದವನು ಅಜಿತ. ನಸುಕಿನಲ್ಲಿ ಮೆಂತೆ, ರಾಜಗಿರಿ ಹೇರಿಕೊಂಡು ವಿಜಯಪುರಕ್ಕೆ ಹೋದವನು ಬಿಸಿಲೇರುವ ಹೊತ್ತಿಗೆ ಖಾಲಿ ಟಂಟಂ ಗಾಡಿ ತಿರುಗಿಸಿಕೊಂಡು ಬಂದು, ಕೈಕಾಲು ಕೂಡ ತೊಳೆಯದೆ ಒಲೆಯ ಮುಂದೆ ಕುಳಿತುಬಿಟ್ಟ.

"ಗಾಂಧಿ ಚೌಕದಾಗ ಎಲ್ಲಾರ ಬಾಯಾಗೂ ಅದ ಮಾತ ಐತಿ ಬೇ. ಕಾಯಿಪಲ್ಲೆ ಸಗಟು ಮಾರ್ಕೆಟ್ ಊರ ಹೊರಗ ಒಯ್ಯತಾರಂತ. ಅದಕ ನಮ್ಮ ವಸ್ತಿ ಜಾಗಾ ನೋಡ್ಯಾರ. ಜಬರದಸ್ತಿ ಏನಿಲ್ಲ. ನಾವಾಗೇ ಒಪ್ಪಿ ಕೊಟ್ಟರ ಕೊಂಡಕೋತಾರ. ಕೊಟ್ಟವರಿಗೆ ಅಲ್ಲೇ ಒಂದೊಂದ ಅಂಗಡಿ ಕೊಡೂ ಮಾತೂ ಐತಿ."

ಅವನ ಅವ್ವ ಪರಸವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಬಾವಿ?"

"ಬಾವಿ ಮುಚ್ಚತಾರ. ಮಾರ್ಕೆಟ್ ನಡುವ ಬಾವಿ ಇಟಗೊಂಡ ಏನ ಮಾಡ್ತಾರ?"

ಹಂಚಿನ ಮೇಲಿನ ರೊಟ್ಟಿ ಹೊತ್ತಿ ವಾಸನೆ ಬಂತು. ಸೊಸೆ ಆಮ್ರಪಾಲಿ ಬಂದು ಅದನ್ನು ಬರಿಗೈಯಲ್ಲೇ ಎತ್ತಿ ಹಾಕಿ, ಅತ್ತೆಯ ಮುಖ ನೋಡಿದಳು. ಅತ್ತೆ ಹೊರಗೆ ನೋಡುತ್ತಿದ್ದಳು.

ಅರಕೇರಿ ದಾರಿಗೆ ಹತ್ತಿಕೊಂಡಿರುವ ಆ ವಸ್ತಿಯಲ್ಲಿ ಮನೆಗಳು ಬಹಳ ಇಲ್ಲ. ತಮ್ಮ ತಮ್ಮ ಹೊಲದಲ್ಲೇ ಗೋಡೆ ಎಬ್ಬಿಸಿ ಸಂಸಾರ ಹೂಡಿದವರು. ಒಂದು ಕಾಲಕ್ಕೆ ಇಲ್ಲಿಯವರು ನಗರ ನೋಡಲು ಬಸ್ಸು ಹಿಡಿಯಬೇಕಿತ್ತು. ಈಗ ನಗರವೇ ಪುರಸೊತ್ತಾಗಿ ನಡೆದು ಬಂದು ಬದುವಿನ ಆಚೆ ನಿಂತುಕೊಂಡಿದೆ. ನಿಂತವರು ಸುಮ್ಮನೆ ನಿಲ್ಲುತ್ತಾರೆಯೇ? ಒಳಗೆ ಬರಲೇ ಎಂದು ಕೇಳಿಯೇ ಕೇಳುತ್ತಾರೆ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಅಜಿತ ಅಪ್ಪನ ಮುಂದೆ ಅದೇ ಸುದ್ದಿ ಬಿಚ್ಚಿದ. ಅಂಬಾದಾಸ ಪುಂಡಿಪಲ್ಲೆಗೆ ಶೇಂಗಾ ಎಣ್ಣೆ ಹಾಕಿಕೊಂಡು, ತುತ್ತು ಕಲಸುತ್ತಲೇ ಅಂದ: "ಕೊಟ್ಟ ಬಿಡೂನು."

ಮನೆಯವರ ಕೈ ಬಾಯಿಗೆ ಹೋಗಲಿಲ್ಲ. ಒಂದು ಜೋಡು ಚಪ್ಪಲಿ ಕೊಳ್ಳಲು ಮೂರು ಸಂತೆ ತಿರುಗುವ ಮನುಷ್ಯ ಅವನು. ಅಂಥವನು ಅಪ್ಪನ ಕಾಲದ ಹೊಲವನ್ನು ಒಂದು ತುತ್ತು ನುಂಗುವುದರೊಳಗೆ ಕೊಟ್ಟುಬಿಟ್ಟಿದ್ದ.

"ಕೊಟ್ಟ ಎಲ್ಲಿಗೆ ಹೋಗೂದು ಮಾವಾ?" ಎಂದಳು ಆಮ್ರಪಾಲಿ. "ಇಲ್ಲಿ ಬೋರಿನ ನೀರ ಐತಿ, ದಿನಾ ಪಲ್ಲೆ ಕಿತ್ತ ಮಾರ್ತೇವಿ. ಊರಾಗ ಬಾಡಿಗಿ ಮನಿ ಹಿಡದ ನಾ ಏನ ಬೆಳೀಲಿ, ಕುಂಡ್ಯಾಗ ತುಳಸೀನ?"

"ಅಂಗಡಿ ಕೊಡ್ತಾರಂತ ಹೇಳಿದ್ನೆಲ್ಲ," ಎಂದ ಅಜಿತ.

"ಕೊಡ್ತಾರಂತ. ನೀ ಕಂಡಿಯೇನ ಅಂಗಡಿ?"

"ನಿನಗ ಎಲ್ಲಾದಕೂ ಅಡ್ಡಬಾಯಿ."

"ಅಡ್ಡಬಾಯಿ ಅಲ್ಲ, ಹೊಟ್ಟಿ ಮಾತ."

ಪರಸವ್ವ ಎರಡೂ ಕಡೆ ಸೇರಲಿಲ್ಲ. ಅವಳು ಗಂಡನನ್ನೇ ನೋಡುತ್ತಿದ್ದಳು. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ.

ಅವರ ಹೊಲದ ಆ ಬಾವಿಯಲ್ಲಿ ಸತ್ತವಳು ಕಾಶಿಬಾಯಿ. ಅಂಬಾದಾಸನ ಮೊದಲ ಹೆಂಡತಿ, ಪರಸವ್ವನ ಒಡಹುಟ್ಟಿದ ಅಕ್ಕ. ಮೂವತ್ತು ವರ್ಷದ ಮೇಲಾಯಿತು. ಮದುವೆಯಾಗಿ ಬಹಳ ದಿನವಾದರೂ ಕಾಶಿಬಾಯಿಗೆ ಮಕ್ಕಳಾಗಿರಲಿಲ್ಲ. ಹೊರಗಿನವಳನ್ನು ತರುವುದಕ್ಕಿಂತ ತಂಗಿಯನ್ನೇ ತಂದರಾಯಿತು ಎಂದು ಹಿರಿಯರು ಮಾತಾಡಿಕೊಂಡರು. ಹಾಗೆ ಮಾಡುವುದು ಅವರಲ್ಲಿ ಹೊಸದೇನಲ್ಲ. ಅಕ್ಕತಂಗಿಯರು ಹೊಂದಿಕೊಂಡು ಹೋಗುತ್ತಾರೆ ಎಂದು ಹೊಂದಿಕೊಳ್ಳಬೇಕಿಲ್ಲದ ಗಂಡಸರು ನಂಬಿದ್ದರು. ಅಕ್ಕನ ಮನೆ ನೋಡಿಕೊಂಡು ಬಾ ಎಂದು ಪರಸವ್ವನಿಗೆ ಹೊಸ ಸೀರೆ ಉಡಿಸಿ ಮಮದಾಪುರದಿಂದ ಬಬಲೇಶ್ವರದ ಮೇಲೆ ಬಸ್ಸಿಗೆ ಹತ್ತಿಸಿದರು. ಯಾಕೆ ಕಳಿಸುತ್ತಿದ್ದಾರೆಂದು ಪರಸವ್ವನಿಗೆ ಗೊತ್ತಿತ್ತು. ಅವಳು ಬಂದು ಇಳಿದ ದಿನವೇ ಕಾಶಿಬಾಯಿ ಬಾವಿ ಪಾಲಾದಳು. ವರ್ಷ ತುಂಬುವುದರೊಳಗೆ ಪರಸವ್ವ ಅದೇ ಮನೆಯ ಸೊಸೆಯಾದಳು.

ಬಿದ್ದಳೋ, ಹಾರಿಕೊಂಡಳೋ? ಅವಳ ಅತ್ತೆ, ಅಂಬಾದಾಸನ ತಾಯಿ, ಮಾತ್ರ ಸಾಯುವ ತನಕ ಒಂದೇ ಮಾತು ಹೇಳಿದಳು: "ನೀರಿಗಿ ಹೋಗಿದ್ಲು, ಕಾಲ ಜಾರೇತಿ. ತಾಂಬ್ರದ ಕೊಡ ಮನ್ಯಾಗಿಲ್ಲ, ನೋಡ್ರಿ ಬೇಕಾದರ." ವಸ್ತಿಯವರು ಪಾತಾಳಗರಡಿ ತಂದರು, ಬಾವಿಗೆ ಬಿದ್ದ ಕೊಡಗಳನ್ನು ಹಿಡಿದೆತ್ತುವ ಕಬ್ಬಿಣದ ಕೊಕ್ಕೆಗಳ ಗೊಂಚಲು ಅದು. ಮೂರು ದಿನ ಇಳಿಬಿಟ್ಟು ಎಳೆದರೂ ಕೆಸರು ಬಂತೇ ಹೊರತು ಕೊಡ ಬರಲಿಲ್ಲ. ಕೊಡವೇ ಇಲ್ಲದೆ ನೀರಿಗೆ ಯಾರು ಹೋಗುತ್ತಾರೆ, ಅತ್ತೆಯೇ ಎಲ್ಲೋ ಬಚ್ಚಿಟ್ಟಿದ್ದಾಳೆ ಎಂದು ಜನ ಅಂದುಕೊಂಡರು. ಪರಸವ್ವ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅಕ್ಕ ಮಮದಾಪುರದ ಕೆರೆಯಲ್ಲಿ ಎಮ್ಮೆಗಳ ಜೊತೆ ಈಜು ಕಲಿತವಳು ಎಂಬುದನ್ನು ಆ ವಸ್ತಿಯಲ್ಲಿ ಅವಳೊಬ್ಬಳೇ ಬಲ್ಲಳು.

ಆ ಬಾವಿಯ ಪಾವಟಿಗೆ ಮೆಟ್ಟಿಲಿಳಿದು ಆಮೇಲೆ ಯಾರೂ ನೀರು ತುಂಬಲಿಲ್ಲ. ಬೋರು ಕೊರೆಸಿದರು. ನೀರು ಇಂಗಿ ತಳ ಕಂಡ ವರ್ಷಗಳೂ ಇದ್ದವು, ಕಂಡದ್ದು ಹೂಳು ಮಾತ್ರ. ಇಳಿದು ಕೆದಕಲು ಅಂಬಾದಾಸ ಯಾರನ್ನೂ ಬಿಡಲಿಲ್ಲ. ಮುಂದೆ ಅವನು ಬುದ್ಧನ ದೀಕ್ಷೆ ತೆಗೆದುಕೊಂಡ. ದೆವ್ವವಿಲ್ಲ, ಪಿಶಾಚಿಯಿಲ್ಲ ಎಂದು ಮನೆಯ ದೇವರ ಜಗಲಿ ಖಾಲಿ ಮಾಡಿಸಿದ. ಸತ್ತ ಸವತಿಯ ಹೆಸರಿನಲ್ಲಿ ಎರಡನೆಯವಳು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿ ತಗಡನ್ನೂ ತೆಗೆ ಎಂದ. ಪರಸವ್ವ ತೆಗೆದಂತೆ ಮಾಡಿ ಕುಪ್ಪಸದೊಳಗೆ ಸರಿಸಿಕೊಂಡಳು. ಅದರ ಕರಿ ದಾರ ಅವನ ಕಣ್ಣಿಗೆ ಬೀಳದೆ ಇರಲಿಲ್ಲ, ಬಿದ್ದರೂ ಕೇಳಲಿಲ್ಲ.

ಮುಂದಿನ ವಾರ ಹುಸೇನಸಾಬನ ಲಿಂಬೆ ತೋಟದಲ್ಲಿ ಎಲ್ಲರೂ ಕೂಡಿದರು. ಹುಸೇನಸಾಬ ಬಾಜೂ ಹೊಲದವನು, ಅಂಬಾದಾಸನ ಜೊತೆ ಬೆಳೆದವನು. ಪಾಲಿಕೆಯಿಂದ ಒಬ್ಬ ಹುಡುಗು ಮುಖದ ಇಂಜಿನಿಯರ್ ಬಂದಿದ್ದ. ಮಾತು ಮೃದು. ಕೊಟ್ಟ ಚಹಾ ಕುಡಿದು, ಕಪ್ಪು ತಾನೇ ತೊಳೆಯಲು ಹೋಗಿ ಹೆಂಗಸರನ್ನು ನಗಿಸಿದ.

"ಜಾಗಾಕ್ಕ ರೊಕ್ಕಾ ಕೊಡ್ತೀರಿ," ಎಂದ ಹುಸೇನಸಾಬ. "ಈ ಲಿಂಬಿ ಗಿಡಕ್ಕ ಏನ ಕೊಡ್ತೀರಿ? ಮಕ್ಕಳಂಗ ನೀರ ಹಾಕಿ ಬೆಳಸೇನ್ರಿ."

"ಗಿಡಾನೂ ಎಣಿಸಿ ಬೆಲಿ ಕಟ್ಟತೇವ್ರಿ ಚಾಚಾ."

ರಸ್ತೆಯಾಚೆಯ ಭೀಮಾಶಂಕರ ಎದ್ದು ನಿಂತ. "ನಮ್ಮ ಹೊಲಾ ನಿಮಗ ಬ್ಯಾಡಂತ. ಆದರ ಲಾರಿ ಧೂಳು, ಕೊಳತ ಟೊಮೆಟೊ ವಾಸನಿ, ಅದು ನಮಗ ಬಿಡ್ತೈತೇನು? ಮಾರಿದವರು ರೊಕ್ಕಾ ಎಣಿಸಿಕೊಂಡ ಹೋಗ್ತಾರ. ಉಳದವರು ಮೂಗ ಮುಚಗೊಂಡ ಕುಂದರಬೇಕೇನು?"

ಗದ್ದಲವಾಯಿತು. ನೀರು ಎಲ್ಲಿಂದ, ಚರಂಡಿ ಎಲ್ಲಿಗೆ, ದನಕರು ಯಾವ ದಾರಿಯಲ್ಲಿ ಹೋಗಬೇಕು ಎಂದು ಒಬ್ಬೊಬ್ಬರು ಒಂದೊಂದು ಕೇಳಿದರು. ಇಂಜಿನಿಯರ್ ಎಲ್ಲಕ್ಕೂ ಹೂಂಗುಟ್ಟಿ ಕೊನೆಗೆ ಹೇಳಿದ: "ಎಲ್ಲಾರೂ ಒಪ್ಪಿದರಷ್ಟ ತಗೋತೇವ್ರಿ. ನಡುವಿಂದು ಒಂದ ಹೊಲ ಉಳದರೂ ನಕ್ಷೆ ಕೂಡೂದಿಲ್ಲ. ಆಗ ಬ್ಯಾರೆ ಕಡಿ ನೋಡ್ತೇವಿ."

ನಡುವಿನ ಹೊಲ ಅಂಬಾದಾಸನದು. ಗಂಡಹೆಂಡಿರಿಬ್ಬರ ಹೆಸರಿನಲ್ಲೂ ಇತ್ತು. ಎಲ್ಲರ ಕಣ್ಣು ಅವನ ಕಡೆ ಹೊರಳಿ, ಅವನಿಂದ ಪರಸವ್ವನ ಕಡೆ ಹೊರಳಿತು.

ಅಲ್ಲಿಂದ ಮನೆಯಲ್ಲಿ ನೆಮ್ಮದಿಯ ಊಟವಿಲ್ಲ. ಮಜ್ಜಿಗೆಗೆ ಉಪ್ಪು ಹೆಚ್ಚಾದರೂ ಮಾತು ಹೊಲಕ್ಕೇ ಹೋಗಿ ನಿಲ್ಲುತ್ತಿತ್ತು. ಅಜಿತ, ಆಮ್ರಪಾಲಿ ಮಾತು ಬಿಟ್ಟರು. ಟಂಟಂಗೆ ಪಲ್ಲೆ ಹೇರುವಾಗ ಒಬ್ಬರು ಕಟ್ಟು ಎಸೆಯುವರು, ಇನ್ನೊಬ್ಬರು ಹಿಡಿಯುವರು, ಅಷ್ಟೆ. ಒಂದು ಸಂಜೆ ಹುಸೇನಸಾಬ ಬಂದು ಕಟ್ಟೆಯ ಮೇಲೆ ಕುಳಿತ.

"ವೈನಿ, ನಾ ಒಪ್ಪೇನ್ರಿ," ಎಂದ. "ಗಿಡದ ಮ್ಯಾಲ ಜೀವ ಐತಿ, ಖರೆ. ಆದರ ನಾವು ಅಣ್ಣತಮ್ಮರು ಪಾಲ ಮಾಡಕೊಳ್ಳಾಕ ಕುಂತರ ಹೊಡದಾಟ ಆಗತೈತಿ. ಗಿಡಾ ಪಾಲ ಆಗೂದಿಲ್ಲ, ರೊಕ್ಕಾ ಆಗತೈತಿ. ನಿಮ್ಮ ಒಂದ ಸಹಿಗೆ ಎಲ್ಲಾ ನಿಂತೈತಿ ನೋಡ್ರಿ."

ಪರಸವ್ವ ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡಳು. ಅವಳಿಗೆ ಅಂಜಿಕೆ ಹೊಲ ಹೋಗುವುದರದಲ್ಲ. ಬಾವಿ ಮುಚ್ಚಿದ ಮೇಲೆ ಆ ಪ್ರಶ್ನೆಯೂ ಮಣ್ಣಿನೊಳಗೆ ಹೋಗುತ್ತದೆ. ತಾನು ಅಕ್ಕನ ಮನೆಗೆ ಬಂದವಳೋ, ಅಕ್ಕನನ್ನು ಕೊಂದು ಬಂದವಳೋ ಎಂದು ತಿಳಿಯದೆಯೇ ಸಾಯಬೇಕಾಗುತ್ತದೆ. ಈ ಮೂವತ್ತು ವರ್ಷ ಅಕ್ಕ ಹಿತ್ತಲಲ್ಲಿ ಹೆಜ್ಜೆಯಿಟ್ಟ ಸಪ್ಪಳ ಅವಳಿಗೆ ಎಷ್ಟೋ ಸಲ ಕೇಳಿತ್ತು. ಅಜಿತ ಹುಟ್ಟಿದಾಗ ಕೂಸಿನ ಮೇಲೆ ಬಗ್ಗಿ ನೋಡಿದವಳು ಸೂಲಗಿತ್ತಿಯೊಬ್ಬಳೇ ಅಲ್ಲ ಎಂದು ಅವಳು ಇಂದಿಗೂ ನಂಬಿದ್ದಳು.

"ಸಹಿ ಮಾಡ್ತೇನಿ," ಎಂದಳು. "ಆದರ ಮೊದಲ ಬಾವಿ ಬಳದ ತೋರಸ್ರಿ. ಹೂಳೆಲ್ಲಾ ತಗೀರಿ. ಅಕ್ಕನ ಕೊಡ ಅದರಾಗ ಸಿಕ್ಕರ ಸಹಿ ಮಾಡ್ತೇನಿ. ಸಿಗಲಿಲ್ಲಂದ್ರ ಇಲ್ಲ."

ಅಂಬಾದಾಸ ಎದ್ದು ನಿಂತ. "ಹುಚ್ಚ ಹಿಡದೈತೇನು? ಸತ್ತವರನ್ನ ಕೆದಕೂ ಕೆಲಸ ನಮಗ್ಯಾಕ?"

"ಸತ್ತವರು ಇಲ್ಲ ಅಂತೀರೆಲ್ಲ ನೀವು. ಇಲ್ಲದವರನ್ನ ಕೆದಕಿದರ ಏನ ಆಗತೈತಿ?"

ಅವನು ಧೋತರದ ತುದಿ ಹಿಡಿದು ದಾರಿಯತ್ತ ನಡೆದುಬಿಟ್ಟ.

ಹೂಳೆತ್ತುವ ಯಂತ್ರವನ್ನು ಅಜಿತ ಟಿಕೋಟಾದಿಂದ ಬಾಡಿಗೆಗೆ ತಂದ. ಹುಸೇನಸಾಬ ತನ್ನ ಮೋಟರು ಕೊಟ್ಟ. ಮೊದಲ ದಿನ ಪಾಚಿ ನೀರು ಹೊರಬಿತ್ತು. ಎರಡನೆಯ ದಿನ ನಾಲ್ವರು ಕೆಲಸದವರು ಇಳಿದು ಬುಟ್ಟಿಗೆ ಕೆಸರು ತುಂಬತೊಡಗಿದರು. ಆಮ್ರಪಾಲಿ ಕೆಲಸದವರಿಗೆ ಝುಣಕ, ರೊಟ್ಟಿ ಮಾಡಿ ಒಯ್ದಳು. ಪರಸವ್ವ ದಂಡೆಯ ಮೇಲೆ ಬಿಸಿಲಲ್ಲಿ ಕುಳಿತವಳು ಏಳಲಿಲ್ಲ. ಮೇಲೆ ಬಂದ ಪ್ರತಿ ಬುಟ್ಟಿಯನ್ನು ಕೈಯಿಂದ ಕಲಸಿ ನೋಡುತ್ತಿದ್ದಳು. ಅಂಬಾದಾಸ ಆ ಕಡೆ ಸುಳಿಯಲಿಲ್ಲ. ಬೇವಿನ ನೆರಳಲ್ಲಿ ಹಗ್ಗ ಹೊಸೆಯುತ್ತ ಕುಳಿತಿದ್ದ.

ಮೂರನೆಯ ದಿನ ಹೊತ್ತು ವಾಲುವಾಗ ಬಾವಿಯ ಒಳಗಿಂದ ಕೂಗು ಬಂತು. "ಏನೋ ಹತ್ತೇತ್ರಿ. ಬಲೇ ವಜ್ಜಾ ಐತಿ."

ಬುಟ್ಟಿಯಲ್ಲಿ ಮೇಲೆ ಬಂದದ್ದು ಕೊಡ. ಹಸಿರುಗಟ್ಟಿದ ತಾಮ್ರ, ಕಂಠದ ತನಕ ಗಟ್ಟಿಯಾದ ಕೆಸರು. ಪರಸವ್ವ ಅದನ್ನು ತೊಡೆಯ ಮೇಲೆ ಎಳೆದುಕೊಂಡು, ಕೆಸರು ಸವರಿ, ಕಂಠದ ಸುತ್ತ ಕೊರೆಸಿದ್ದ ಹೆಸರನ್ನು ಬೆರಳಿನಿಂದ ಓದಿದಳು. ತವರಿನವರು ಕಾಶಿಬಾಯಿಗೆ ಬಳುವಳಿಯಾಗಿ ಕೊಟ್ಟ ಕೊಡವೇ ಅದು.

"ಅಕ್ಕ ನೀರಿಗಿ ಬಂದಿದ್ಲು," ಎಂದಳು. "ನೋಡ್ರಿ, ನೀರಿಗೇ ಬಂದಿದ್ಲು. ಪಾವಟಿಗಿ ಮ್ಯಾಲ ಜಾರಿ ತಲಿ ಬಡದಿರಬೇಕು. ಈಜು ಬಂದರೂ ಎಚ್ಚರ ತಪ್ಪಿದವರು ಹ್ಯಾಂಗ ಈಸಬೇಕು?"

ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಸುತ್ತ ನಿಂತವರಿಗೆ ತಿಳಿಯಲಿಲ್ಲ. ಹುಸೇನಸಾಬ ಟೋಪಿ ತೆಗೆದು ಬೆವರೊರೆಸಿಕೊಂಡು, "ಅಲ್ಲಾ ದೊಡ್ಡವನು ವೈನಿ," ಎಂದ. ನಾಳೆ ಬೆಳಿಗ್ಗೆಯೇ ಬರುವಂತೆ ಅಜಿತ ಇಂಜಿನಿಯರನಿಗೆ ಫೋನು ಮಾಡಿದ. ಅಲ್ಲಿಂದ ನೇರ ಹೆಂಡತಿಯ ಹತ್ತಿರ ಹೋಗಿ, "ಒಂದ ವಾಟಿ ಚಹಾ ಮಾಡ," ಎಂದ. ಅವಳು, "ಮಾಡ್ತೇನಿ, ಹಾಲ ತಗೊಂಬಾ," ಎಂದಳು. ಮಾತು ಕೂಡಿತು.

ಪರಸವ್ವ ಕೊಡವನ್ನು ಹಿತ್ತಲ ಬಚ್ಚಲು ಕಲ್ಲಿನ ಮೇಲಿಟ್ಟು, ಹುಣಸೆಹಣ್ಣು, ಬೂದಿ ತಂದು ಕುಳಿತಳು. ಅಕ್ಕನ ಕೊಡ ಬೆಳಗಬೇಕು, ಅದರಲ್ಲೇ ನಾಳೆಯ ನೀರು ತುಂಬಬೇಕು ಎಂದು ಅವಳ ಆಸೆ. ಎಷ್ಟೋ ವರ್ಷಗಳ ಮೇಲೆ ಅವಳ ಎದೆ ಹಗುರಾಗಿತ್ತು. ಸಣ್ಣ ಕುಡುಗೋಲಿನಿಂದ ಒಳಗಿನ ಕೆಸರು ಕೆತ್ತಿ ಕೆತ್ತಿ ತೆಗೆದಳು. ಅರ್ಧ ತೆಗೆಯುವಷ್ಟರಲ್ಲಿ ಕುಡುಗೋಲು ಕಟ್ ಎಂದಿತು. ಕೈ ಹಾಕಿದಳು. ಕಲ್ಲು ಬಂತು, ಮುಷ್ಟಿ ಗಾತ್ರದ್ದು. ಅದರ ಹಿಂದೆ ಇನ್ನೊಂದು, ಮತ್ತೊಂದು. ಬದುವಿನ ಮೇಲೆ ಆರಿಸಿ ಹಾಕುವಂಥ ಕರಿಕಲ್ಲುಗಳು. ಕೊಡದ ತಳ ಕಾಣುವ ತನಕ ಕಲ್ಲೇ ಬಂದವು.

ನೀರಿಗೆ ಬಂದ ಹೆಂಗಸು ಕೊಡದಲ್ಲಿ ಕಲ್ಲು ತುಂಬಿಕೊಂಡು ಬರುವುದಿಲ್ಲ.

ತಲೆ ಎತ್ತಿದರೆ ಅಂಬಾದಾಸ ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ಯಾರ ಹಾಕಿದ್ದು ಇವನ್ನ?" ಎಂದಳು.

ಅವನು ಬಂದು ಎದುರಿಗೆ ನೆಲದ ಮೇಲೆಯೇ ಕುಳಿತ. ವಯಸ್ಸಾದ ಮೊಣಕಾಲುಗಳು ಮಡಚಲು ತಡವಾಯಿತು.

"ನಾನೇ ಹಾಕೇನಿ."

ಪರಸವ್ವ ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟಳು.

"ಹುಡಕ್ಯಾಡಕೋತ ಹೋದ್ನಿ. ಬಾವ್ಯಾಗ ಆಕಿ ಸೀರಿ ತೇಲತಿತ್ತು. ಓಡಿ ಮನಿಗಿ ಬಂದ್ನಿ. ನೀ ಪಡಸಾಲ್ಯಾಗ ಮಲಗಿದ್ದಿ, ಹೊಸಾ ಸೀರಿ ಉಟಗೊಂಡ. ನಿನ್ನ ನೋಡಿದ್ನಿ. ತಂಗಿ ಬಂದ್ಲು, ಅದಕ ಅಕ್ಕ ಹಾರಕೊಂಡ್ಲು ಅಂತ ಊರೆಲ್ಲಾ ನಿನ್ನ ಹೆಸರ ಎತ್ತತೈತಿ ಅನಿಸ್ತು. ಕೊಡ ತಗೊಂಡ ಓಡಿದ್ನಿ. ಒಗದರ ತೇಲಾಕತ್ತು. ಎಳದ ತಗದ ಕಲ್ಲ ತುಂಬಿದ್ನಿ. ಆಮ್ಯಾಲ ಕೂಗಿ ಜನಾ ಕರದ್ನಿ. ಗರಡಿ ಬಿಟ್ಟರ ಕೊಡ ಬರತೈತಿ, ಕಾಲ ಜಾರಿ ಬಿದ್ಲು ಅಂತಾರ ಅಂದಕೊಂಡಿದ್ನಿ. ಕಲ್ಲಿನ ವಜ್ಜಾಕ್ಕ ಅದು ಹೂಳಿನ್ಯಾಗ ಇಳದ ಹೋಗಿತ್ತು. ಗರಡಿಗೆ ಸಿಗಲೇ ಇಲ್ಲ."

ಒಳಗೆ ಆಮ್ರಪಾಲಿ ಒಗ್ಗರಣೆ ಹಾಕಿದ ಸದ್ದು ಕೇಳಿತು. ಅಜಿತ ಏನೋ ಅಂದು ನಕ್ಕ.

"ಹಂಗಾದರ ಆಕಿ ಕೈಯಾಗ ಏನೂ ಇರಲಿಲ್ಲ," ಎಂದಳು ಪರಸವ್ವ.

"ಇರಲಿಲ್ಲ. ನಾ ನೋಡೇನಿ. ಹೊಲದಾಗಿದ್ದ್ನಿ ನಾ. ನನ್ನ ಹತ್ತರ ಬಂದು ಮಾತಾಡಿ ಬಾವಿ ಕಡಿ ಹೋದ್ಲು. ಬರಿಗೈಲೆ ಹೊಂಟಾಳ ಅನ್ನೂದು ಆಗ ತಲ್ಯಾಗ ಹೊಳೀಲಿಲ್ಲ ನನಗ."

"ಏನಂದ್ಲು?"

ಅವನು ಒಂದು ಕಲ್ಲನ್ನು ಎತ್ತಿ ಮತ್ತೆ ಅಲ್ಲೇ ಇಟ್ಟ.

"ಪರಸಿ ಬರ್ತಾಳ ಇವತ್ತ. ಹಸಗೊಂಡ ಬರ್ತಾಳ. ಬುಟ್ಟ್ಯಾಗ ಬಿಸಿ ರೊಟ್ಟಿ ಮುಚ್ಚಿಟ್ಟೇನಿ, ಉಣ್ಣಾಕ ಹೇಳ್ರಿ. ಇಷ್ಟ ಅಂದ್ಲು."

ಆ ಮಾತನ್ನು ಅವನು ಅಂದು ಪರಸವ್ವನಿಗೆ ಮುಟ್ಟಿಸಲಿಲ್ಲ, ಮುಟ್ಟಿಸುವ ಅಗತ್ಯವೂ ಬಿದ್ದಿರಲಿಲ್ಲ. ಆ ದಿನ ಬಸ್ಸಿಳಿದು ಬಂದ ಹುಡುಗಿ ಮನೆಯಲ್ಲಿ ಯಾರನ್ನೂ ಕಾಣದೆ, ಹಸಿವು ತಾಳದೆ, ತಾನೇ ಬುಟ್ಟಿಯ ಅರಿವೆ ಸರಿಸಿದ್ದಳು. ರೊಟ್ಟಿ ಇನ್ನೂ ಬಿಸಿ ಇದ್ದವು. ಖಾರದ ಹಿಂಡಿ ಹಚ್ಚಿಕೊಂಡು ಹೊಟ್ಟೆ ತುಂಬ ಉಂಡು, ಅಕ್ಕ ಎಲ್ಲಿಗೋ ಹೋಗಿದ್ದಾಳೆ ಬರುತ್ತಾಳೆ ಎಂದುಕೊಂಡು, ಪಡಸಾಲೆಯ ತಂಪಿನಲ್ಲಿ ಮಲಗಿ ನಿದ್ದೆ ಹೋಗಿದ್ದಳು. ಅವಳು ಉಣ್ಣುತ್ತಿದ್ದಾಗ ಅಕ್ಕ ಬಾವಿಯ ಪಾವಟಿಗೆ ಇಳಿಯುತ್ತಿದ್ದಿರಬೇಕು.

"ನಾಳೆ ಬರೋರಿಗೆ ಏನ ಹೇಳೂದು?" ಎಂದ ಅಂಬಾದಾಸ. ಪರಸವ್ವ ಬೂದಿಗೈಯಲ್ಲಿ ಕಲ್ಲುಗಳನ್ನು ನೋಡುತ್ತ ಕುಳಿತಿದ್ದಳು. ಆ ದಿನ ಇಬ್ಬರೂ ಉಣ್ಣಲಿಲ್ಲ. ಸೊಸೆ ಎರಡು ಸಲ ಕರೆದು ಸುಮ್ಮನಾದಳು.

ಬೆಳಿಗ್ಗೆ ಇಂಜಿನಿಯರ್ ಬಂದ. ಹುಸೇನಸಾಬನೂ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. ಅಜಿತ ಕುರ್ಚಿ ಹಾಕಿ, ಕಾಗದದ ಮೇಲೆ ಪೆನ್ನಿಟ್ಟು ಅವ್ವನನ್ನು ಕರೆದ. ಪರಸವ್ವ ಬಂದು ಹೊಸ್ತಿಲಲ್ಲೇ ನಿಂತಳು.

"ನಾ ಸಹಿ ಮಾಡೂದಿಲ್ಲ," ಎಂದಳು.

ಅಜಿತನಿಗೆ ಮೊದಲು ಅರ್ಥವೇ ಆಗಲಿಲ್ಲ. "ಕೊಡ ಸಿಕ್ಕತಲ್ಲ ಬೇ. ನೀನ ಅಂದಿದ್ದಿ, ಸಿಕ್ಕರ ಮಾಡ್ತೇನಿ ಅಂತ. ಮೂರ ದಿನದ ಬಾಡಿಗಿ ಕೊಟ್ಟೇನಿ ನಾ. ಕಾಕಾನ ಮಾರಿ ನೋಡರ ನೋಡ."

ಅವಳು ಹುಸೇನಸಾಬನ ಮುಖ ನೋಡಿದಳು. ನೋಡಲಾರದೆ ತಲೆ ತಗ್ಗಿಸಿದಳು.

"ಅವ್ವನ ಮ್ಯಾಲ ಒದರಬ್ಯಾಡ," ಎಂದ ಅಂಬಾದಾಸ, ಕಂಬದ ಹಿಂದಿನಿಂದ ಮುಂದೆ ಬಂದು. "ಒಲ್ಲೆ ಅಂದವ ನಾನು. ಈ ಹೊಲದವರು ಕೊಡೂದಿಲ್ಲ ಅಂತ ಬರಕೋರಿ ಸಾಹೇಬ್ರ."

"ನೀನ ಮೊದಲ ಕೊಡೂನು ಅಂದಾವ ಯಪ್ಪಾ."

"ಅಂದಿದ್ನಿ. ಈಗ ಇಲ್ಲ."

ಇಂಜಿನಿಯರ್ ಕಾಗದ ಮಡಚಿದ. ಹುಸೇನಸಾಬ ಆಮ್ರಪಾಲಿ ತಂದ ಚಹಾ ಮುಟ್ಟದೆ ಎದ್ದ. ಐವತ್ತು ವರ್ಷದ ಗೆಳೆತನದಲ್ಲಿ ಅವನು ಆ ಮನೆಯ ಚಹಾ ಬಿಟ್ಟು ಎದ್ದದ್ದು ಇರಲಿಲ್ಲ. "ಹೋಗಿ ಬರ್ತೇನಿ," ಎಂದೂ ಅನ್ನದೆ ಬದು ಹಿಡಿದು ನಡೆದ. ಅಜಿತ ಟಂಟಂ ಹತ್ತಿ ಜೋರಾಗಿ ಹೊರಟುಹೋದ.

ಹೊಲ ಉಳಿಯಬೇಕೆಂದು ಜಗಳಾಡಿದ್ದ ಆಮ್ರಪಾಲಿಗೂ ಸಂತೋಷವಾಗಲಿಲ್ಲ. ಚಹಾ ತುಂಬಿದ ವಾಟಿ ಹಿಡಿದುಕೊಂಡೇ ಅವಳು ಅತ್ತೆಯ ಪಕ್ಕ ಹೊಸ್ತಿಲ ಮೇಲೆ ಕುಳಿತಳು.

"ಅತ್ತಿ, ಖರೆ ಹೇಳ್ರಿ. ಯಾಕ ಒಲ್ಲೆ ಅಂದ್ರಿ?"

ಪರಸವ್ವ ಹೂಳು ತೆಗೆದ ಬಾವಿಯ ಕಡೆ ನೋಡಿದಳು. ದಂಡೆಯ ಮೇಲೆ ಕೆಸರಿನ ಗುಡ್ಡೆ ಬಿಸಿಲಿಗೆ ಬಿರುಕು ಬಿಡತೊಡಗಿತ್ತು.

"ಆಕಿ ಹೋಗೂ ಮುಂದ ನನಗ ಬಿಸಿ ರೊಟ್ಟಿ ಮಾಡಿಟ್ಟ ಹೋಗ್ಯಾಳವ್ವಾ," ಎಂದಳು. "ಅವತ್ತ ಗೊತ್ತಿಲ್ಲದ ಉಂಡ್ನಿ. ಈಗ ಆಕಿ ಮ್ಯಾಲ ಮಣ್ಣ ಹಾಕಿ ರೊಕ್ಕಾ ತಗೊಂಡರ, ಗೊತ್ತಿದ್ದೂ ಉಂಡಂಗ ಆಗತೈತಿ."